ಗಾದಿಯೊಳಗಿನ ದಬ್ಬಣ

ಡಬ್ಬಿಯಲ್ಲಿ ಒಂದೇ ದಬ್ಬಣವಿತ್ತು. ಎರಡಿರಬೇಕು. ಚೀಲ ತಲೆಕೆಳಗು ಮಾಡಿ ಕೊಡವಿದೆ. ಕತ್ತರಿ, ನೂಲಿನ ಉಂಡೆ, ಎಲೆಅಡಿಕೆ ಚಂಚಿ, ನಿನ್ನೆಯ ಬಸ್ ಟಿಕೆಟ್ಟು ಬಿದ್ದವು. ಮಾನ್ವಿಯ ನಮ್ಮ ಮನೆಯ ಅಂಗಳ ಗುಡಿಸಿದೆ, ಹತ್ತಿಯ ರಾಶಿ ಕೆದರಿದೆ, ನಿನ್ನೆ ಉಟ್ಟ ಸೀರೆಯನ್ನು ಅಂಚಿನಿಂದ ಅಂಚಿಗೆ ತಡವಿದೆ. ಇಲ್ಲ. ಗೇಣುದ್ದದ ಆ ಸೂಜಿ ದೇವದುರ್ಗದಲ್ಲಿ, ಯಮನಮ್ಮನ ಗಾದಿಯೊಳಗೇ ಉಳಿದಿರಬೇಕು ಎನಿಸಿತು.

ಬೇರೆಯವರ ಗಾದಿಯಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಚುಚ್ಚಿದರೆ ಎದ್ದು ಕೂರುತ್ತಾರೆ, ಹೀರಾಬಿ ಎಂದು ನನ್ನ ಹೆಸರು ಹಿಡಿದು ನಾಲ್ಕು ಮಾತು ಬಯ್ಯುತ್ತಾರೆ, ಮುಗಿಯಿತು. ಯಮನಮ್ಮನಿಗೆ ಸಕ್ಕರೆ ಕಾಯಿಲೆ. ಮೊಣಕಾಲಿನ ಕೆಳಗೆ ಆಕೆಗೆ ಏನು ತಾಗಿದರೂ ತಿಳಿಯುವುದಿಲ್ಲ. ಹೋದ ವರ್ಷ ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದುಕೊಂಡು, ವಾರವಾದರೂ ಗೊತ್ತಾಗದೆ ಕೀವಾಗಿ, ರಾಯಚೂರಿನಲ್ಲಿ ಎರಡು ಬೆರಳು ತೆಗೆದರು. ಇನ್ನೊಂದು ಗಾಯವಾದರೆ ಕಾಲೇ ಹೋಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ.

ನಾವು ಪಿಂಜಾರರು. ಗಂಡ ಇಮಾಮಹುಸೇನ ಇರುವವರೆಗೆ ಹತ್ತಿ ಹಿಂಜುವುದು ಅವನದು, ಹೊಲಿಗೆ ನನ್ನದು. ಅವನು ತೀರಿಕೊಂಡ ಮೇಲೆ ಎರಡೂ ನನ್ನವೇ. ಈ ಹೊಸ ಗಾದಿಯನ್ನು ಹೋದ ವಾರ ಕೊಟ್ಟಿದ್ದೆ. ಸೊಂಟಕ್ಕೆ ಒತ್ತುತ್ತದೆ, ಮೊಣಕಾಲು ಹಿಡಿಯುತ್ತದೆ, ಹಿಮ್ಮಡಿ ಕೆಂಪಾಗಿದೆ ಎಂದು ಯಮನಮ್ಮ ಹೇಳಿಕಳಿಸಿದಳು. ಅಂಗಡಿಯ ಸ್ಪಂಜಿನ ಗಾದಿಯಾಗಿದ್ದರೆ ಅನುಭವಿಸು ಎಂದು ಬಿಡಬೇಕಿತ್ತು. ಹತ್ತಿಯದನ್ನು ಮಲಗುವವರ ಮೈಗೆ ತಕ್ಕಂತೆ ಕೂತಲ್ಲೇ ಸರಿಪಡಿಸಬಹುದು. ನನ್ನ ಜಂಬವೇ ಅದು. ನಿನ್ನೆ ಹೋಗಿ ಸೊಂಟ ಬರುವ ಕಡೆ ಮೂರು ಸಾಲು ಹೊಲಿಗೆ ಬಿಚ್ಚಿ ಸಡಿಲ ಮಾಡಿದೆ. ಮೊಣಕಾಲಿನ ಅಡಿಗೆ ಎರಡು ಹಿಡಿ ಹತ್ತಿ ತುರುಕಿದೆ. ಹಿಮ್ಮಡಿ ಇಡುವಲ್ಲಿ ಹತ್ತಿ ಸರಿಸಿ ತುಸು ತಗ್ಗು ಮಾಡಿದೆ.

ಇಮಾಮಹುಸೇನ ಗಾದಿ ಮುಗಿಸಿದನೆಂದರೆ ಅದರ ಮೇಲೆ ಮಲಗಿ, ಹೊರಳಾಡಿ ನೋಡಿಯೇ ಕೊಡುತ್ತಿದ್ದ. ಗಂಟಿರಲಿ, ಕಸವಿರಲಿ, ಮೊದಲು ನಮ್ಮ ಮೈಗೆ ಸಿಗಬೇಕು ಎನ್ನುತ್ತಿದ್ದ. ಮನೆಯಲ್ಲಾದರೆ ನಾನೂ ಹಾಗೆಯೇ ಮಾಡುತ್ತೇನೆ. ನಿನ್ನೆ ಯಮನಮ್ಮನ ಮಗ ಮಾಳಿಂಗಪ್ಪ ಕುರಿ ವ್ಯಾಪಾರದ ನಾಲ್ಕು ಜನರೊಂದಿಗೆ ಪಡಸಾಲೆಯಲ್ಲೇ ಕೂತಿದ್ದ. ಅವರೆದುರು ಪರರ ಮಂಚದ ಮೇಲೆ ಹೆಂಗಸು ಉರುಳಾಡಬೇಕೇ? ನಾಚಿಕೆಯಾಗಿ, ಅಂಗೈಯಿಂದ ಸವರಿ ಎದ್ದುಬಂದಿದ್ದೆ.

ಫೋನು ಮಾಡಿದೆ. ಸೊಸೆ ನೇತ್ರಾವತಿ ಎತ್ತಿದಳು. ಅತ್ತೆ ಇನ್ನೂ ಮಲಗಿದ್ದಾರೆ, ಮೂರು ತಿಂಗಳಾದ ಮೇಲೆ ಇವತ್ತೇ ಇಷ್ಟು ನೆಮ್ಮದಿಯ ನಿದ್ದೆ ಎಂದು ಸಂತೋಷದಿಂದ ಹೇಳಿದಳು. ಆಗಲೇ ನಾನು ಬಾಯಿ ಬಿಡಬೇಕಿತ್ತು. ಎಬ್ಬಿಸಿ ಕುರ್ಚಿಯಲ್ಲಿ ಕೂಡಿಸು ಎಂದರೆ ಸಾಕಿತ್ತು. ಊರಿಗೆಲ್ಲ ತಿಳಿದರೆ ನಾಳೆ ಯಾರು ನನ್ನ ಕೈಗೆ ಕೆಲಸ ಕೊಡುತ್ತಾರೆ ಎಂಬ ಚಿಂತೆ ಅಡ್ಡ ಬಂತು. ಹೊಲಿಗೆ ನೋಡಲು ಬರುತ್ತೇನೆ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ನನ್ನಂಥ ಹೇಡಿಯನ್ನು ನಾನೇ ಕಂಡಿಲ್ಲ.

ಸಿರವಾರದಲ್ಲಿ ಬಸ್ಸು ಬದಲಿಸುವಾಗ, ಈ ಸಲ ಹೇಳಿಯೇ ಬಿಡುತ್ತೇನೆ ಎಂದು ಮತ್ತೆ ಫೋನು ಮಾಡಿದೆ. ಯಾರೂ ಎತ್ತಲಿಲ್ಲ. ಇನ್ನೆರಡು ಸಲ ಮಾಡಿದರೂ ಎತ್ತಲಿಲ್ಲ. ದಬ್ಬಣ ಆಕೆಯ ಕಾಲಿಗೆ ನೆಟ್ಟಿದೆ, ರಕ್ತ ಹತ್ತಿಯೊಳಗೆ ಇಂಗುತ್ತಿದೆ, ಆಕೆ ಮಾತ್ರ ಏನೂ ತಿಳಿಯದೆ ಚಹಾ ಕುಡಿಯುತ್ತಿದ್ದಾಳೆ. ಬಸ್ಸಿನ ತುಂಬ ಇದನ್ನೇ ಕಾಣುತ್ತಾ ಹೋದೆ. ಅಲ್ಲಾಹ್, ಆ ಕಾಲು ಉಳಿಸು ಎಂದು ಎಷ್ಟು ಸಲ ಬೇಡಿದೆನೋ.

ಹೋದಾಗ ಯಮನಮ್ಮ ಗಾದಿಯ ಮೇಲೇ ಗೋಡೆಗೆ ಒರಗಿ ಕೂತಿದ್ದಳು. ಬಾರವ್ವಾ ಎಂದು ನಕ್ಕಳು. ನಾನು ಹೊದಿಕೆ ಸರಿಸಿ ಆಕೆಯ ಕಾಲು ಹಿಡಿದೆ. ಅಂಗಾಲು, ಹಿಮ್ಮಡಿ, ಉಳಿದ ಬೆರಳುಗಳ ಸಂದಿ ಎಲ್ಲ ನೋಡಿದೆ. ಗಾಯವಿರಲಿಲ್ಲ. ಆಮೇಲೆ ನಿಂತುಕೊಂಡೇ ಹೇಳಿದೆ.

"ಯವ್ವಾ, ನನ್ನ ದಬ್ಬಣ ಕಳದದ. ಈ ಗಾದಿಯಾಗ ಉಳದಿರಬೇಕು."

ನೇತ್ರಾವತಿಯ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಮುಂಜಾನಿ ಫೋನಿನ್ಯಾಗ ಯಾಕ ಹೇಳಲಿಲ್ಲರಿ?"

ಇಬ್ಬರೂ ಸೇರಿ ಯಮನಮ್ಮನನ್ನು ಕುರ್ಚಿಗೆ ಸಾಗಿಸಿದೆವು.

ಗಾದಿಯನ್ನು ಇಂಚಿಂಚೂ ಅಮುಕಿದೆ. ಮಾಳಿಂಗಪ್ಪ ಹಳೆಯ ಸ್ಪೀಕರಿನ ಅಯಸ್ಕಾಂತ ತಂದು ಆಡಿಸಿದ. ಹತ್ತಿಯ ದಪ್ಪಕ್ಕೋ ಏನೋ, ಏನೂ ಅಂಟಲಿಲ್ಲ. ಬಿಚ್ಚಿದರೆ ದಬ್ಬಣ ಹತ್ತಿಯೊಳಗೆ ಇನ್ನೂ ಜಾರುತ್ತದೆ. ಕಳೆದದ್ದು ಬಸ್ಸಿನಲ್ಲೇ ಇರಬಹುದು ಎಂದ ಅವನು. ಇರಬಹುದು. ಇರಬಹುದು ಎಂದು ನಂಬಿ ಆಕೆಯನ್ನು ಅದರ ಮೇಲೆ ಮಲಗಿಸುವುದು ಹೇಗೆ? ಅವನು ನೋಡುತ್ತಿದ್ದಂತೆಯೇ ಚಪ್ಪಲಿ ಬಿಟ್ಟು, ಸೆರಗು ಬಿಗಿದು, ಮಂಚ ಹತ್ತಿ ಮಲಗಿದೆ. ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ, ಬೋರಲಾಗಿ ಎದೆ ಒತ್ತಿದೆ. ಏನೂ ಸಿಗಲಿಲ್ಲ. ಸಿಗದಷ್ಟೂ ನನ್ನ ಹೆದರಿಕೆ ಬೆಳೆಯಿತು.

ನೀವು ಹೇಗೆ ಹೊರಳುತ್ತೀರಿ ಎಂದು ಯಮನಮ್ಮನನ್ನು ಕೇಳಿದೆ.

"ಸೊಂಟ ಎತ್ತಾಕ ಬರಂಗಿಲ್ಲವ್ವಾ. ಹಿಮ್ಮಡಿ ಊರಿ ನೂಕತೀನಿ. ನಿನ್ನಿ ರಾತ್ರಿ ಒಮ್ಮಿನೂ ಹೊರಳಲಿಲ್ಲ ನೋಡು, ಅಂಥಾ ನಿದ್ದಿ."

ಅಂಗಾತ ಮಲಗಿದೆ. ನಾನೇ ಮಾಡಿದ ಆ ತಗ್ಗಿನಲ್ಲಿ ಹಿಮ್ಮಡಿ ಊರಿದೆ, ಕಣ್ಣು ಮುಚ್ಚಿ ಮೈಯ ಭಾರವನ್ನೆಲ್ಲ ಹಾಕಿ ನೂಕಿದೆ. ಎರಡನೇ ಸಲ ಹಿಮ್ಮಡಿಗೆ ಬೆಂಕಿ ಹೊಕ್ಕಿತು. ನೋವು ಮೊಣಕಾಲಿನವರೆಗೆ ಏರಿತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ನೇತ್ರಾವತಿ ಗಾದಿಯ ಬಟ್ಟೆ ಸೀಳಿ ದಬ್ಬಣವನ್ನು ಹೊರಗೆಳೆದಳು. ಯಮನಮ್ಮ ನನ್ನನ್ನು ಹತ್ತಿರ ಕರೆದು, ಬೇಡವೆಂದರೂ ಬಿಡದೆ ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ರಕ್ತ ಒರೆಸಿದಳು. ಭಾಳ ನೋವಾಯಿತೇ ಎಂದು ಕೇಳಿದಳು. ಹೌದೆಂದೆ. ಒರೆಸುವುದನ್ನು ನಿಲ್ಲಿಸಿ ಆಕೆ ಆ ಗಾಯವನ್ನೇ ನೋಡುತ್ತಾ ಕೂತಳು.

"ಹೆಂಗಿತ್ತು, ಹೇಳವ್ವಾ. ಕಾಲಿಗೆ ನೋವಾದ್ರ ಹೆಂಗಿರತದ ಅಂಬೋದು ನನಗ ಮರತಹೋಗ್ಯದ."

ಹೇಳಬೇಕೆಂದು ಬಾಯಿ ತೆರೆದೆ. ಬೆಳಗಿನಿಂದ ತಡೆದಿಟ್ಟ ಅಳು ಬಂದುಬಿಟ್ಟಿತು.