ಹಿತ್ತಲಿನ ಬೋರ್

ಮನುಷ್ಯರು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾರೆಂದು ತಿಳಿಯಬೇಕಾದರೆ ಲಾಂಡ್ರಿ ಅಂಗಡಿಯ ಕೌಂಟರಿನ ಹಿಂದೆ ಒಂದು ದಿನ ನಿಂತು ನೋಡಬೇಕು. ಕಾಫಿ ಚೆಲ್ಲಿಕೊಂಡವರು ನೀರು ಅನ್ನುತ್ತಾರೆ. ಶಾಯಿ ಮೆತ್ತಿಸಿಕೊಂಡವರು ‘ತಂದಾಗ ಇರಲಿಲ್ಲ, ನಿಮ್ಮಲ್ಲೇ ಆಗಿದ್ದು’ ಅನ್ನುತ್ತಾರೆ. ಅದಕ್ಕೇ ನಾನು ಮೊದಲು ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ತಂದವರ ಮುಖ ನೋಡುವುದು. ಕೆಲವು ಕಲೆಗಳು ಬೆಳಕಿಗೂ ಸಿಗುವುದಿಲ್ಲ. ಸಕ್ಕರೆ ನೀರು ಬಿದ್ದು ಒಣಗಿದ ಜಾಗ ಹೊಸ ಬಟ್ಟೆಯಷ್ಟೇ ಬೆಳ್ಳಗಿರುತ್ತದೆ. ಇಸ್ತ್ರಿಯ ಬಿಸಿ ತಾಗಿದ ಮೇಲೆ ಕಂದು ಬಣ್ಣಕ್ಕೆ ತಿರುಗಿ ಎದ್ದು ಕೂರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆ ಕಟ್ಟಿದವರು ನಮ್ಮ ಕಸುಬಿನವರೇ ಇರಬೇಕು. ನನ್ನ ಗಂಡನಿಗೆ ಮಾತ್ರ ಇದೆಲ್ಲ ತಮಾಷೆ.

“ದೇವರೇ ಎದುರಿಗೆ ಬಂದು ನಿಂತ್ರೂ ಇವಳು ಮೊದ್ಲು ಕಾಲರ್ ತಿರುಗಿಸಿ ನೋಡ್ತಾಳೆ,” ಎಂದು ಇಸ್ತ್ರಿ ಮೇಜಿನ ಹಿಂದಿನಿಂದ ಗಿರಾಕಿಗಳಿಗೆ ಹೇಳಿ ನಗಿಸುತ್ತಾರೆ. ನಗಲಿ. ಇಷ್ಟು ವರ್ಷ ಅಂಗಡಿ ನಡೆದದ್ದು ನನ್ನ ಕಣ್ಣಿನಿಂದ, ಅವರ ಬಾಯಿಂದಲ್ಲ.

ಕಟ್ಟಡ ಅಪ್ಪನದು. ಕೆಳಗೆ ಅಂಗಡಿ, ಮೇಲೆ ನಮ್ಮ ಮನೆ, ಹಿಂದೆ ಬಟ್ಟೆ ಒಣಗಿಸುವ ಹಿತ್ತಲು. ನನಗೂ ತಮ್ಮನಿಗೂ ಸಮಪಾಲು ಎಂದು ಬರೆದಿಟ್ಟು ಅಪ್ಪ ಕಣ್ಣು ಮುಚ್ಚಿದರು. ಅವರು ಹೋದಾಗ ಇದು ಬರೀ ಒಂದು ಬೀದಿಯಾಗಿತ್ತು, ಈಗ ನಗರದ ನಟ್ಟನಡು. ಸುತ್ತಲೂ ಗಾಜಿನ ಕಟ್ಟಡಗಳು ಎದ್ದು ನಿಂತು, ಹಿತ್ತಲಿಗೆ ಬಿಸಿಲು ಬರುವುದೇ ಮಧ್ಯಾಹ್ನ ಸ್ವಲ್ಪ ಹೊತ್ತು. ಆ ಗಾಜಿನ ಕಟ್ಟಡಗಳ ಅಂಗಿಗಳೇ ನಮ್ಮ ಹೊಟ್ಟೆಪಾಡು ಎನ್ನುವುದೂ ನಿಜ. ಈ ಜಾಗ ಬಿಟ್ಟರೆ ನನಗೆ ಬೇರೆ ಜಾಗವಿಲ್ಲ, ಬೇರೆ ಕಸುಬೂ ಬರುವುದಿಲ್ಲ.

ತಮ್ಮನದು ವಿಚಿತ್ರ ಉದ್ಯೋಗ. ಮುಂದೆ ಗಗನಚುಂಬಿ ಕಟ್ಟಡ ಎಲ್ಲಿ ಏಳುತ್ತದೆ ಎಂದು ಮೊದಲೇ ಹೇಳುವ ಕಂಪನಿಯೊಂದರಲ್ಲಿ ಕೆಲಸ. ಲಿಫ್ಟ್ ಮಾಡುವವರು, ದೊಡ್ಡ ಅಂಗಡಿಯವರು, ಕೇಬಲ್ ಎಳೆಯುವವರು ಅವರ ನಕ್ಷೆಗೆ ಕಾದು ಕೂತಿರುತ್ತಾರಂತೆ. ನಕ್ಷೆಯಲ್ಲಿ ಯಾವ ಜಾಗ ಕೆಂಪಾಗುತ್ತದೋ ಅಲ್ಲಿ ಬೇಗನೆ ಕ್ರೇನು ನಿಲ್ಲುತ್ತದೆ. ಯಾರಾದರೂ ಕೇಳಿದರೆ ನನ್ನ ತಮ್ಮ ಕಣಿ ಹೇಳುತ್ತಾನೆ ಅನ್ನುತ್ತೇನೆ. ಅವನಿಗೆ ಸಿಟ್ಟು ಬರುತ್ತದೆ.

“ಕಣಿ ಅಲ್ಲಕ್ಕಾ, ಲಕ್ಷಣ ನೋಡೋದು. ಅಂಗಡಿಯವನ ಕರಾರು ಮುಗಿದ್ರೂ ಮಾಲೀಕ ಹೊಸದು ಬರ್ಕೊಡಲ್ಲ ಅಂದ್ರೆ ಒಂದು ಲಕ್ಷಣ. ಚರಂಡಿ ಪೈಪು ದಪ್ಪಗಾದ್ರೆ ಒಂದು. ಮಿಷನ್ ತಂದು ನೆಲ ಕೊರೆದು, ಕೆಳಗಿನ ಮಣ್ಣನ್ನ ಕೊಳವೆ ಕೊಳವೆಯಾಗಿ ತೆಗೆದು ಪೆಟ್ಟಿಗೇಲಿಟ್ರು ಅಂತಿಟ್ಕೋ, ಅಲ್ಲಿಗೆ ಮುಗೀತು. ಆ ಜಾಗ ಮಾರಿಹೋಯ್ತು ಅಂತಲೇ ಲೆಕ್ಕ.”

ಇಂಥವನು ರಜಾ ದಿನ ಅಕ್ಕನ ಮನೆಗೆ ಬಂದರೆ ಏನು ಮಾಡಬೇಕು? ಊಟ ಮಾಡಬೇಕು, ಭಾವನ ಹತ್ತಿರ ಹರಟಬೇಕು. ಇವನು ಹೋದ ವರ್ಷದಿಂದ ಬಂದ ಕೂಡಲೇ ಚಾವಣಿ ನೋಡತೊಡಗಿದ. ಊಟದ ನಡುವೆ ಎದ್ದು ಕಿಟಕಿಯಿಂದ ಬಗ್ಗಿ ಬೀದಿ ನೋಡುತ್ತಿದ್ದ. “ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನ ಮುದುಕ ಹೇಗಿದ್ದಾನೆ? ಹಿತ್ತಲ ಗೋಡೆ ನಮ್ದಾ, ಅವರ್ದಾ?” ಎಂದು ಅನ್ನಕ್ಕೆ ಕೈ ಹಾಕಿಕೊಂಡೇ ಕೇಳುತ್ತಿದ್ದ. ಮುದುಕನ ಆರೋಗ್ಯ ಇವನಿಗ್ಯಾಕೆ? ಗೋಡೆ ಇವನಿಗ್ಯಾಕೆ? ನನ್ನ ಕಿವಿ ನೆಟ್ಟಗಾಯಿತು.

ಒಂದು ದಿನ ಕೋಟನ್ನು ಒಗೆಯಲು ಬಿಟ್ಟುಹೋದ. ಒಗೆಯುವ ಮುಂಚೆ ಜೇಬು ನೋಡುವುದು ನಮ್ಮ ಕಸುಬಿನ ಧರ್ಮ, ಅದರಲ್ಲಿ ಕದ್ದು ನೋಡುವ ಮಾತೇ ಇಲ್ಲ. ಒಳಜೇಬಿನಲ್ಲಿ ನಗುಮುಖನ ಕಾರ್ಡು ಸಿಕ್ಕಿತು. ನಗುಮುಖ ಎಂದರೆ ನಮ್ಮ ಬೀದಿಯಲ್ಲಿ ಜಾಗ ಕೊಡಿಸುವ ದಲ್ಲಾಳಿ. ತನ್ನ ತಾಯಿ ಸತ್ತ ಸುದ್ದಿಯನ್ನೂ ಹಲ್ಲು ಬಿಟ್ಟುಕೊಂಡೇ ಹೇಳಿದವನು. ಕಾರ್ಡು ಹಿಡಿದುಕೊಂಡು ಹೋಗಿ ಗಂಡನ ಮೂಗಿನ ಮುಂದೆ ಆಡಿಸಿದೆ.

“ಆ ಮನುಷ್ಯ ಕಂಬಕ್ಕೂ ಕಾರ್ಡ್ ಕೊಡ್ತಾನೆ ಮಾರಾಯ್ತಿ. ನಮ್ಮ ಕೌಂಟರಲ್ಲೇ ಒಂದು ಕಟ್ಟು ಬಿದ್ದಿದೆ. ಅವನ ಅಂಗಿ ಒಗೆಯೋರೂ ನಾವೇ ಅಲ್ವಾ?”

“ಕೌಂಟರಲ್ಲಿ ಬಿದ್ದಿರೋದು ಬೇರೆ, ಒಳಜೇಬಲ್ಲಿ ಇರೋದು ಬೇರೆ.”

“ಅವನು ನಿನ್ನ ತಮ್ಮ ಕಣೇ.”

“ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ವಂತೆ.”

ಅವರು ಇಸ್ತ್ರಿಗೆ ನೀರು ಚಿಮುಕಿಸುತ್ತಾ ಸುಮ್ಮನಾದರು. ನಾನು ಸುಮ್ಮನಾಗಲಿಲ್ಲ. ಅವನು ಬಂದಾಗೆಲ್ಲ ಅವನ ಚೀಲವನ್ನು ಒಳಗಿಡುವ ನೆಪದಲ್ಲಿ ಎತ್ತಿ ಭಾರ ನೋಡುತ್ತಿದ್ದೆ. ಫೋನು ಬಂದರೆ ಯಾರದು ಎಂದು ಕೇಳುತ್ತಿದ್ದೆ. ನಗುಮುಖ ಅಂಗಿ ತೆಗೆದುಕೊಂಡು ಹೋಗಲು ಬಂದರೆ ನಾನೂ ಹಲ್ಲುಕಿರಿದು ಮಾತಿಗೆಳೆದು, ನನ್ನ ತಮ್ಮನ ಹೆಸರು ಅವನ ಬಾಯಿಂದ ಬೀಳುತ್ತದೋ ಎಂದು ಕಾಯುತ್ತಿದ್ದೆ. ಒಮ್ಮೆ ಹಾಗೆ ನಗುನಗುತ್ತಾ ಮಾತಾಡುತ್ತಿರುವಾಗಲೇ ತಮ್ಮ ಒಳಗೆ ಬಂದ. ನಮ್ಮಿಬ್ಬರನ್ನೂ ನೋಡಿದ. ಏನೂ ಕೇಳದೆ ಮೆಟ್ಟಿಲು ಹತ್ತಿ ಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವನ ಮುಖ.

ಆ ಹೊತ್ತಿಗೆ ನೀರಿನ ತಾಪತ್ರಯ ಶುರುವಾಯಿತು. ಎತ್ತರದ ಕಟ್ಟಡಗಳೆಲ್ಲ ನೀರು ಎಳೆದುಕೊಂಡು, ನಮ್ಮ ನಲ್ಲಿ ಬೆಳಿಗ್ಗೆ ಕೆಮ್ಮಿ ಸುಮ್ಮನಾಗುತ್ತಿತ್ತು. ಲಾಂಡ್ರಿಯಲ್ಲಿ ನೀರಿಲ್ಲದಿದ್ದರೆ ಬಾಗಿಲು ಹಾಕುವುದೇ. ಯೋಚನೆ ಮಾಡಿ ಹಿತ್ತಲಲ್ಲಿ ಬೋರ್ ಹಾಕಿಸಲು ಹೊರಟೆ. ತಮ್ಮನನ್ನು ಕೇಳಬೇಕಿತ್ತು ಎಂದರು ಗಂಡ. ಕೇಳಿದರೆ ಏನಾದರೂ ಕೊಕ್ಕೆ ಹಾಕುತ್ತಾನೆ, ನೀರು ಬಂದ ಮೇಲೆ ಹೇಳಿದರಾಯಿತು ಎಂದೆ. ಮಿಷನ್ ಬಂತು. ಹಿತ್ತಲ ತುಂಬ ಬೂದಿ ಬಣ್ಣದ ಕೆಸರು, ಮನೆಯೆಲ್ಲ ಗಡಗಡ ಸದ್ದು. ಅದೇ ಹೊತ್ತಿಗೆ ಅವನ ಫೋನು.

“ಏನಕ್ಕಾ ಅದು ಸದ್ದು?”

“ಹಿತ್ತಲಲ್ಲಿ ಬೋರ್ ಹಾಕಿಸ್ತಿದೀನಿ.”

“ಯಾರು ಹಾಕಿಸ್ತಿರೋದು?”

“ನಾನೇ. ಕಂಡೋರು ಬಂದು ಹಾಕಿಸೋಕೆ ಇದೇನು ಅವರಪ್ಪನ ಜಾಗವಾ?”

“ಎಷ್ಟು ಆಳ?”

“ಎಷ್ಟು ಬೇಕೋ ಅಷ್ಟು. ನಿಂಗ್ಯಾಕೆ ಅದೆಲ್ಲ?”

“ಅಪ್ಪನ ಜಾಗ ನಂದೂ ಹೌದಲ್ಲಕ್ಕಾ. ಒಂದು ಮಾತು ಹೇಳ್ಬಾರ್ದಿತ್ತಾ?”

ನೋಡಿ, ಬಂತಲ್ಲ ಬಾಯಿಗೆ! ಇಷ್ಟು ದಿನ ಹೊಟ್ಟೆಯಲ್ಲಿದ್ದ ‘ನಂದೂ’ ಎನ್ನುವ ಮಾತು ಹೊರಗೆ ಬಿತ್ತು. “ನಿಂಗೆ ಹೇಳಿ ಮಾಡೋಕೆ ನೀನೇನು ನಂಗೆ ಎಲ್ಲಾ ಹೇಳಿ ಮಾಡ್ತಿದೀಯಾ?” ಎಂದು ಫೋನಿಟ್ಟೆ. ನೀರು ಚೆನ್ನಾಗಿಯೇ ಬಂತು. ತಮ್ಮ ಮಾತ್ರ ಬರಲಿಲ್ಲ. ಅವನ ಹೆಂಡತಿಗೆ ಫೋನು ಮಾಡಿದರೆ, “ಅವರಿಗೆ ಬಹಳ ಕೆಲಸ” ಎಂದು ತಣ್ಣಗೆ ಹೇಳಿ ಇಟ್ಟಳು. ಕೆಲಸ ಏನೆಂದು ನನಗೆ ಗೊತ್ತಿಲ್ಲವೇ?

ತಮ್ಮನ ಕಂಪನಿಯ ಹೊಸ ನಕ್ಷೆ ಬಂದಾಗ ತೋರಿಸಿದವರು ಎದುರಿನ ಬ್ಯಾಂಕಿನ ಗುಮಾಸ್ತರು. ಅಂಗಿ ಕೊಡಲು ಬಂದು, “ಏನಮ್ಮಾ, ನೀವು ಹೇಳ್ಲೇ ಇಲ್ವಲ್ಲ!” ಎಂದು ಫೋನು ಮುಂದೆ ಹಿಡಿದರು. ನಮ್ಮ ಸಾಲು ಕೆಂಪಾಗಿತ್ತು. ಪ್ರೆಸ್ಸು, ಅದರಾಚೆಯ ಗೋದಾಮು, ನಡುವೆ ನಾವು. ಅಂದು ಸಂಜೆಯೇ ನಗುಮುಖ ಬಂದ.

“ಪ್ರೆಸ್ಸಿನೋರು ಒಪ್ಪಿದ್ರು, ಗೋದಾಮಿನೋರೂ ಒಪ್ಪಿದ್ರು. ನಿಮ್ಮ ತಮ್ಮನೋರು ತಮ್ಮ ಅರ್ಧಕ್ಕೆ ಹ್ಞೂ ಅಂದಿದಾರೆ, ನಾಳೆ ಸಹಿ. ಅರ್ಧ ನಮ್ಮ ಕೈಗೆ ಬಂದ್ರೆ ಇನ್ನರ್ಧ ಇಟ್ಕೊಂಡು ನೀವೇನು ಮಾಡ್ತೀರಮ್ಮಾ? ಕೋರ್ಟು ಅಲೀತೀರಾ? ನೀವೂ ಜೊತೇಲೇ ಸಹಿ ಹಾಕ್ಬಿಡಿ.”

ಅಂಗಡಿ ಹೋಯಿತು ಅನ್ನಿಸಿತು. ನಾನು ಹೇಳಿದ್ದೆಲ್ಲ ನಿಜವಾಯಿತೆಂದು ಒಳಗೊಳಗೇ ಒಂದು ಸಮಾಧಾನವೂ ಆಯಿತು, ಅದನ್ನೇಕೆ ಮುಚ್ಚಿಡಲಿ. ಗೆದ್ದವಳ ಹಾಗೆ ಗಂಡನನ್ನು ನೋಡಿ, ತಮ್ಮನಿಗೆ ಫೋನು ಮಾಡಿ, “ಈಗಿಂದೀಗ್ಲೇ ಬಾ. ಅಪ್ಪನ ಮನೆಗೆ ಕೊನೇ ಸಲ ಬಂದ್ಹೋಗು,” ಎಂದೆ.

ಬಂದ. ಮೇಲಿನ ಕೋಣೆಯಲ್ಲಿ ಅಂಗಿಗಳ ಗಂಟುಗಳ ನಡುವೆ ಕೂತ. ಸೊರಗಿದ್ದ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಕಳ್ಳ ಅಂದೆ, ಮನೆಹಾಳ ಅಂದೆ. ಎಲ್ಲ ಕೇಳಿಸಿಕೊಂಡು ತಲೆಯೆತ್ತಿದ.

“ಮೊದ್ಲು ಮಾರೋಕೆ ಹೊರಟಿದ್ದು ಯಾರಕ್ಕಾ? ಆ ದಲ್ಲಾಳಿ ಜೊತೆ ನಕ್ಕೊಂಡು ಮಾತಾಡ್ತಿದ್ದೋಳು ಯಾರು? ನನಗೊಂದು ಮಾತು ಹೇಳದೆ ಬೋರ್ ಹಾಕಿಸ್ದೋಳು ಯಾರು?”

“ಬೋರ್ ಹಾಕಿಸಿದ್ರೆ ಏನೀಗ?”

“ಏನೀಗ ಅಂತೀಯಾ! ಮಣ್ಣು ಪರೀಕ್ಷೆ ಮಾಡಿಸೋದು ಮಾರೋಕಲ್ದೆ ಇನ್ಯಾಕೆ?”

“ಯಾವ ಮಣ್ಣೋ? ಯಾವ ಪರೀಕ್ಷೆಯೋ?”

ಗಂಡ ನಡುವೆ ಬಂದರು. ಅವನ ತೋಳು ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ, ಸ್ವಿಚ್ಚು ಹಾಕಿದರು. ಪೈಪಿನಿಂದ ನೀರು ಭರ್ರನೆ ಬಂದು ಅವನ ಬೂಟು ತೋಯಿಸಿತು. ಅವನು ನೀರನ್ನು ನೋಡಿದ, ನನ್ನನ್ನು ನೋಡಿದ.

“ನಮ್ಮ ಆಫೀಸಲ್ಲಿ ಬೋರ್ ಅಂದ್ರೆ ಮಣ್ಣು ತೆಗೆಯೋದು,” ಎಂದ ಮೆಲ್ಲಗೆ. “ದಿನಾ ಅದೇ ಮಾತು. ಎಲ್ಲಿ ಬೋರ್ ಬಿತ್ತು, ಎಷ್ಟು ಆಳ... ಆಳ ಕೇಳಿದ್ರೆ ಎಷ್ಟು ಎತ್ತರ ಕಟ್ತಾರೆ ಅಂತ ಗೊತ್ತಾಗುತ್ತೆ.”

“ನಮ್ಮನೇಲಿ ಬೋರ್ ಅಂದ್ರೆ ನೀರು ಕಣೋ, ದಡ್ಡಾ!”

ಮೂವರಿಗೂ ನಗು ಬಂತು. ಬಹಳ ದಿನದ ಮೇಲೆ ಆ ಹಿತ್ತಲಲ್ಲಿ ನಾವು ನಕ್ಕೆವು. ಆದರೆ ಅವನ ನಗು ಬೇಗ ನಿಂತಿತು. ಒದ್ದೆ ಬೂಟಿನಲ್ಲೇ ಮೆಟ್ಟಿಲ ಮೇಲೆ ಕೂತು ಹೇಳಿದ:

“ಅಕ್ಕಾ, ಎಲ್ಲಾ ಲಕ್ಷಣ ಇದ್ರೂ ಇಷ್ಟು ದಿನ ಈ ಸಾಲನ್ನ ಕೆಂಪು ಮಾಡದೆ ತಪ್ಪಿಸ್ತಾ ಬಂದೋನು ನಾನು. ಆ ಗೋಡೆ, ಈ ಚಾವಣಿ, ಆ ಮುದುಕ ಅಂತ ಕೇಳ್ತಿದ್ದಿದ್ದು ಆಫೀಸಲ್ಲಿ ಹೇಳೋಕೆ ಏನಾದ್ರೂ ನೆಪ ಬೇಕಿತ್ತು ಅಂತ. ನೀನೇ ಮಾರ್ತಿದೀಯ ಅಂದ್ಕೊಂಡ ಮೇಲೆ ಯಾರಿಗೋಸ್ಕರ ತಪ್ಪಿಸ್ಲಿ? ಬಿಟ್ಬಿಟ್ಟೆ. ಆ ದಲ್ಲಾಳಿ ಬಂದು ಕೇಳ್ದ, ಹ್ಞೂ ಅಂದೆ.”

“ಈಗ ಬೇಡ ಅನ್ನು.”

“ಅಂತೀನಿ. ಇನ್ನೂ ಸಹಿ ಆಗಿಲ್ಲ. ನಾವಿಬ್ರೂ ಕೊಡದಿದ್ರೆ ನಮ್ಮನ್ನ ಬಿಟ್ಟು ಕಟ್ಕೋತಾರೆ, ಇಲ್ಲಾ ಬಿಡ್ತಾರೆ.” ಫೋನು ಕೈಗೆ ತೆಗೆದುಕೊಂಡವನು ಹಾಗೇ ಹಿಡಿದು ಕೂತ. “ನನಗೆ ಈ ಜಾಗ ಬೇಡಕ್ಕಾ, ಮಾರಿ ಬರೋದೂ ಬೇಡ. ಆದ್ರೆ ಇಲ್ಲಿಗೆ ಬಂದಾಗೆಲ್ಲ ಜೇಬು ತಡವಿಸಿಕೊಂಡು ಹೋಗೋದು ಸಾಕಾಗಿದೆ. ನನ್ನ ಚೀಲ ಎತ್ತಿ ನೋಡ್ತೀಯಲ್ಲ, ನನಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ? ಇದೊಂದು ಸಲ ನನ್ನ ಮಾತು ನಂಬ್ತೀಯಾ?”

“ನಂಬ್ದೆ ಕಣೋ,” ಎಂದೆ. ಆ ಗಳಿಗೆಯಲ್ಲಿ ನಿಜವಾಗಿಯೂ ನಂಬಿದ್ದೆ.

ಅವನು ಫೋನು ಹಿಡಿದು ಬೀದಿಗೆ ಹೋದ. ಕೌಂಟರಿನ ಗಾಜಿನಿಂದ ಕಾಣುತ್ತಿದ್ದ, ಮಾತು ಕೇಳುತ್ತಿರಲಿಲ್ಲ. ಮಾತಾಡಿದ. ಸುಮ್ಮನಿದ್ದ. ಮತ್ತೆ ಮಾತಾಡಿದ. ನಮ್ಮ ಕಡೆ ಒಮ್ಮೆ ತಿರುಗಿ ನೋಡಿ, ಬೆನ್ನು ಹಾಕಿ ಮತ್ತೆ ಮಾತಾಡಿದ. ಒಳಗೆ ಬಂದು, “ಹೇಳಿದೆ, ಬೇಡ ಅಂದೆ,” ಎಂದು ಭಾವನ ಭುಜ ತಟ್ಟಿ, ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು ಹೊರಟುಹೋದ.

ನಾನು ಅಂಗಿಗಳಿಗೆ ಚೀಟಿ ಕಟ್ಟಲು ಕೂತೆ. ಕೈ ಓಡಲಿಲ್ಲ. ಬೇಡ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಕಡ್ಡಿ ಮುರಿದ ಹಾಗೆ ಬೇಡ ಅಂದರೆ ಮುಗಿಯಿತು. ಇವನು ಅಷ್ಟುದ್ದ ಏನು ಮಾತಾಡಿದ? ಬೆನ್ನು ಯಾಕೆ ಹಾಕಿದ? ಒಳಗೇ ನಿಂತು ನಮ್ಮೆದುರಿಗೆ ಹೇಳಲು ಏನಾಗಿತ್ತು?

“ಸುಮ್ನಿರು,” ಎಂದರು ಗಂಡ. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. “ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ಇದೊಂದು ಸಲ ಸುಮ್ನಿರು ಮಾರಾಯ್ತಿ.”

ಸುಮ್ಮನಿದ್ದೆ. ಅವರು ಕೈ ತೊಳೆಯಲು ಹಿತ್ತಲಿಗೆ ಹೋಗುವವರೆಗೂ ಸುಮ್ಮನಿದ್ದೆ. ಆಮೇಲೆ ಕೌಂಟರಿನ ಮೇಲಿದ್ದ ಕಾರ್ಡು ನೋಡಿ ನಗುಮುಖನಿಗೆ ಫೋನು ಮಾಡಿದೆ. ನಂಬಿಕೆ ಇಲ್ಲವೆಂದಲ್ಲ. ಖಾತ್ರಿ ಮಾಡಿಕೊಂಡರೆ ತಪ್ಪೇನು? ಒಗೆದು ಬಂದ ಬಟ್ಟೆಯನ್ನೂ ಇನ್ನೊಮ್ಮೆ ನೋಡಿಯೇ ಮಡಚುವುದಿಲ್ಲವೇ?

“ನಮ್ಮ ತಮ್ಮ ಈಗ ಫೋನ್ ಮಾಡಿದ್ನಾ? ಏನಂದ?”

“ಮಾಡಿದ್ರಮ್ಮಾ. ಬೇಡ, ಮಾರಲ್ಲ ಅಂದ್ರು.”

ಎದೆಯ ಮೇಲಿನ ಕಲ್ಲು ಇಳಿಯಿತು. ಪಾಪ, ನನ್ನ ತಮ್ಮ ಎಂದು ಅಳುವೇ ಬಂತು. ಫೋನು ಇಡುವವಳಿದ್ದೆ.

“ಇನ್ನೊಂದು ಮಾತೂ ಹೇಳಿದ್ರು,” ಎಂದ ಅವನು. “‘ನಮ್ಮಕ್ಕ ನಿಮಗೆ ಫೋನ್ ಮಾಡಿ ಇದು ನಿಜಾನಾ ಅಂತ ಕೇಳದೇ ಇದ್ರೆ ಮಾತು ಇಲ್ಲಿಗೆ ಮುಗೀತು, ನಾನು ಬದುಕಿರೋವರೆಗೂ ಮಾರಲ್ಲ. ಅವಳು ಕೇಳಿದ್ರೆ ಮಾತ್ರ ನಂಗೆ ಹೇಳಿ, ಬೆಳಿಗ್ಗೆ ಬಂದು ಸಹಿ ಹಾಕ್ತೀನಿ’ ಅಂದ್ರು.”

ಹಿತ್ತಲಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಗಂಡ ಯಾವುದೋ ಹಳೇ ಹಾಡು ಗುನುಗುತ್ತಿದ್ದರು. ನಾನು ಕೌಂಟರಿನ ಕೆಳಗೆ ಬಗ್ಗಿ, ಫೋನಿಗೆ ಬಾಯಿ ಹಚ್ಚಿ, “ನಿಮ್ಮ ಕಾಲಿಗೆ ಬೀಳ್ತೀನಿ, ನಾನು ಫೋನ್ ಮಾಡಿದ್ದು ಅವನಿಗೆ ಹೇಳ್ಬೇಡಿ,” ಎಂದೆ.

“ನೀವು ಹೀಗೆ ಬೇಡ್ಕೋತೀರಿ ಅಂತಾನೂ ಹೇಳಿದ್ರಮ್ಮಾ,” ಎಂದ ನಗುಮುಖ.