ಗಾಜಿನಡಿಯ ಕುಡುಗೋಲು

ಡಾಕ್ಟರು ಬೆರಳಿಗೆ ಸೂಜಿ ಚುಚ್ಚಿದಾಗ ಜಡೆಪ್ಪ ಹಲ್ಲು ಕಚ್ಚಲಿಲ್ಲ. ಕಣ್ಣು ಮುಚ್ಚಿ ಏನನ್ನೋ ಬೇಡಿಕೊಂಡ.

ಡಾಕ್ಟರು ಮೈಸೂರು ಕಡೆಯವರು. ರಕ್ತದ ಹನಿಯ ಮೇಲೆ ತೆಳು ಗಾಜು ಮುಚ್ಚಿ, ಅಂಚಿಗೆಲ್ಲ ಮೇಣ ಬಳಿದು, "ನಾಳೆ ನೋಡೋಣ. ಗಾಳಿ ಸಿಗದೆ ಕಣಗಳು ಕುಡುಗೋಲಿನ ಹಾಗೆ ಬಾಗಿದರೆ ನಿನಗೂ ಇದೆ ಅಂತ ಲೆಕ್ಕ," ಎಂದರು.

ಎಲ್ಲಕ್ಕೂ ಮೂಲ ಜಡೆಪ್ಪನ ಅಕ್ಕ ಮೂಕಮ್ಮನ ಮಗ ಎರ್ರೆಪ್ಪ. ಕೈಕಾಲು ನೋವೆಂದು ಚೀರುತ್ತ ರಾರಾವಿಯಿಂದ ಬಳ್ಳಾರಿ ಆಸ್ಪತ್ರೆಗೆ ಬಂದವನು, ತಿಂಗಳ ಮೇಲೆ ಈಗಷ್ಟೇ ಎದ್ದು ಕೂತಿದ್ದ. ಅವನಿಗೆ ಈ ರಕ್ತದ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದಿತ್ತು. ಅವನ ಅಕ್ಕ ಪಾರಮ್ಮನಿಗೆ ಒಬ್ಬರಿಂದ ಮಾತ್ರ. ಒಂದೇ ಪಾಲು ಬಂದವರಿಗೆ ತೊಂದರೆಯಿಲ್ಲ. ಅಂಥವರಿಬ್ಬರು ಮದುವೆಯಾದರೆ ಹುಟ್ಟುವ ಮಕ್ಕಳಿಗೆ ಗಂಡಾಂತರ ಎಂದಿದ್ದರು ಡಾಕ್ಟರು.

ಪಾರಮ್ಮ ತೊಟ್ಟಿಲಲ್ಲಿದ್ದಾಗಲೇ ಸೋದರಮಾವ ಜಡೆಪ್ಪನಿಗೆಂದು ನಿಶ್ಚಯವಾಗಿದ್ದಳು. ಅವನೋ ಅವಳ ಮೂಗು ಒರೆಸಿ, ಹೆಗಲ ಮೇಲೆ ಹೊತ್ತು ತಿರುಗಿದವನು. ಹೆಂಡತಿ ಎಂದುಕೊಳ್ಳಲು ಮನಸ್ಸೇ ಬಾರದು. ಆದರೆ ತಾಯಿಯಿಲ್ಲದ ತನ್ನನ್ನು ಸಾಕಿದ ಅಕ್ಕನೆದುರು 'ಒಲ್ಲೆ' ಎನ್ನಲು ಹದಿನಾರು ವರ್ಷವಾದರೂ ಬಾಯಿ ಬಂದಿರಲಿಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹತ್ತಿ ಅಂಡಿಗೆ, ಮೂಟೆ ಹೊರುವ ಆಳು, ತನ್ನ ರಕ್ತ ಬಾಗಲಪ್ಪಾ ಎಂದು ಬೇಡಿಕೊಂಡಿದ್ದ.

ಮರುದಿನ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ಅವನಿಗೇ ತೋರಿಸಿದರು.

"ಏನ್ ಕಾಣ್ತೈತಿ?" ಎಂದಳು ಮೂಕಮ್ಮ.

"ಕುಡುಗೋಲಕ್ಕಾ. ಊರ ಸುಗ್ಗಿಗೆಲ್ಲಾ ಸಾಕಾಗ್ತಾವ."

"ನಗ್ತೀಯಲ್ಲಲೇ, ಮೂಳ! ಕೊಟ್ಟ ಮಾತಿನ ಗತಿ ಏನು?"

ಮೂಕಮ್ಮ ಮಂಚದ ಮೇಲೆ ಬಿಸ್ಕೀಟು ಕಡಿಯುತ್ತಿದ್ದ ಮಗನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ ಕೈಮುಗಿದಳು. "ಮೊದ್ಲ ಹೇಳಿದ್ರಿ, ಪುಣ್ಯಾ ಬಂತ್ರಿ. ಇನ್ನೊಂದು ಕೂಸು ಹಿಂಗ ಚೀರೋದು ಬ್ಯಾಡ."

ಹೊರಗೆ ಬಾಗಿಲ ಮರೆಯಲ್ಲಿ ಪಾರಮ್ಮ ನಿಂತಿದ್ದಳು.

"ಮಾವ, ನಾನೂ ದೇವ್ರಿಗೆ ಕಾಯಿ ಒಡಿಸ್ತೀನಂತ ಬೇಡ್ಕೊಂಡಿದ್ದೆ."

"ಏನಂತ?"

"ಸೂಜಿ ಚುಚ್ಚಿದಾಗ ನೀ ಕಣ್ ಮುಚ್ಚಿ ಬೇಡ್ಕೊಂಡ್ಯಲ್ಲಾ, ಅದನ್ನ."

ಆ ವರ್ಷ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಪಾರಮ್ಮ ಸೊಸೆಯಾಗಿ ಕುರುಗೋಡಿಗೆ. ವರನ ರಕ್ತವೂ ಗಾಜಿನಡಿ ಒಂದು ದಿನ ಕಾದು, ರೊಟ್ಟಿಯಂತೆ ದುಂಡಗೇ ಉಳಿದಿತ್ತು. ಮೊದಲ ತೆಂಗಿನಕಾಯಿ ದೇವರಿಗೆ ಹೋಯಿತು. ಎರಡನೆಯದನ್ನು ಮೂಕಮ್ಮ ಡಾಕ್ಟರ ಮೇಜಿನ ಮೇಲಿಟ್ಟು ಬಂದಳು.

ಮದುಮಗಳನ್ನು ಹಂದರಕ್ಕೆ ಎತ್ತಿ ತರುವುದು ಸೋದರಮಾವನ ಹಕ್ಕು.

"ಕೆಡವೀ, ಮಾವ."

"ಹತ್ತಿ ಅಂಡಿಗೀನ ಎಂದೂ ಕೆಡವಿಲ್ಲ, ಸುಮ್ನಿರು."

ಅವಳನ್ನು ಹಸೆಮಣೆಯ ಮೇಲೆ ಇಳಿಸಿ ಜಡೆಪ್ಪ ಪಕ್ಕಕ್ಕೆ ಸರಿದು ನಿಂತ. ಅವನ ತೋಳು ಇನ್ನೂ ಸ್ವಲ್ಪ ಹೊತ್ತು ಬಾಗಿಯೇ ಇತ್ತು.