ಬೆಲ್ ಕೇಳಿಸಿತು ಎಂದು ಒಪ್ಪಿಕೊಂಡವನು

ಬಸ್ ಡಿಪೋದ ಮೇಲಂತಸ್ತಿನಲ್ಲಿ ದೂರುಗಳ ವಿಭಾಗ ಅಂತ ಒಂದು ಕೋಣೆ. ಅಲ್ಲಿ ಕಿಟಕಿ ಪಕ್ಕದ ಮೇಜಿನವಳನ್ನು ಎಲ್ಲರೂ ಕರೆಯುವುದು "ಎಲ್ಲಿದೆ ಅಕ್ಕ" ಎಂದು. ಯಾರು ಏನೇ ಹೇಳಲಿ, "ಅದು ಎಲ್ಲಿದೆ, ತೋರಿಸಿ" ಅನ್ನದೆ ಬಿಡುವ ಪೈಕಿ ಅಲ್ಲ. ಪ್ರಯಾಣಿಕರ ದೂರು ಓದಿ, ಅವರು ಕಣ್ಣಾರೆ ಕಂಡದ್ದಕ್ಕೆ ನೀಲಿ ಗೆರೆ, ಮನಸ್ಸಿನಲ್ಲೇ ಸೇರಿಸಿಕೊಂಡದ್ದಕ್ಕೆ ಕೆಂಪು ಗೆರೆ ಎಳೆಯುವುದು ಅವಳ ಕೆಲಸ. "ಡ್ರೈವರ್ ಕಣ್ಣು ಕೆಂಪಗಿತ್ತು" ಅಂದರೆ ನೀಲಿ. "ಕುಡಿದಿದ್ದ" ಅಂದರೆ ಕೆಂಪು. ಹದಿನಾಲ್ಕು ವರ್ಷ ಇದನ್ನೇ ಮಾಡಿ ಮಾಡಿ ನಾಲಗೆಗೂ ಅದೇ ಚಾಳಿ ಅಂಟಿತ್ತು. ನಾದಿನಿ "ಮಗು ಅಳ್ತಿದೆ, ಹಸಿವಾಗಿರ್ಬೇಕು" ಅಂದರೆ, "ಹಸಿವು ಅಂತ ಮಗು ನಿಂಗೆ ಹೇಳ್ತಾ?" ಎಂದು ಕೇಳಿ ಚೆನ್ನಾಗಿ ಬೈಸಿಕೊಂಡವಳು.

ಆ ಶುಕ್ರವಾರ ಮಾತ್ರ ಅವಳು ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಒದ್ದಾಡುತ್ತಿದ್ದಳು. ಭಾನುವಾರ ಗಂಡನನ್ನು ಬಿಟ್ಟು ಹೋಗುವುದೆಂದು ನಿಶ್ಚಯವಾಗಿತ್ತು. ಗಂಡ ಇದೇ ಕಂಪನಿಯ ಡ್ರೈವರ್. ಜಗಳಗಂಟನಲ್ಲ, ಕುಡುಕನಲ್ಲ, ಆದರೆ ಒಂದು ವರ್ಷದಿಂದ ಅವಳ ಮಾತಿಗೆ ಬೆಲೆಯೇ ಇಲ್ಲ. ಹತ್ತು ಮಾತು ಆಡಿದರೆ ಎರಡಕ್ಕೆ ಉತ್ತರ, ಅದೂ ಸಂಬಂಧವಿಲ್ಲದ್ದು. ಸೋಮವಾರ ಸಂಜೆ ಅವನು ನಲ್ಲಿ ಬಿಟ್ಟುಕೊಂಡು ತಟ್ಟೆ ತೊಳೆಯುತ್ತಿದ್ದಾಗ ಬಾಗಿಲಲ್ಲಿ ನಿಂತು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: "ರೀ, ಭಾನುವಾರ ನಾನು ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ."

ಅವನು ತಿರುಗಲಿಲ್ಲ. ಇನ್ನೊಂದು ತಟ್ಟೆ ತೊಳೆದು ಸ್ಟ್ಯಾಂಡಿಗೆ ಇಟ್ಟ. "ಬೇಡ" ಅನ್ನಲು ಎಷ್ಟು ಹೊತ್ತು ಬೇಕು? ಅದೂ ಬಾಯಿಂದ ಬರಲಿಲ್ಲ.

"ಅವರಿಗೆ ನಾನು ಬೇಡ ಅಕ್ಕ," ಎಂದು ಆ ರಾತ್ರಿಯೇ ಅಕ್ಕನಿಗೆ ಫೋನ್ ಮಾಡಿದಳು.

"ಯಾವಾಗ ಹಾಗಂದ್ರು?"

"ಬಾಯ್ಬಿಟ್ಟು ಅನ್ಬೇಕಾ? ಅಷ್ಟೂ ಗೊತ್ತಾಗಲ್ವಾ?"

ಊರವರ ಕಾಗದಕ್ಕೆಲ್ಲ ಕೆಂಪು ಗೆರೆ ಗೀಚುವವಳು, ನೋಡಿ!

ಶುಕ್ರವಾರ ಮಧ್ಯಾಹ್ನ ವಿಭಾಗದ ಮೇಲಧಿಕಾರಿ ಒಂದು ಫೈಲು ತಂದು ಅವಳ ಮುಂದೆ ಹಾಕಿದ. "ಸಂಜೆಯೊಳಗೆ ಮುಗಿಸಿಬಿಡಿ ಮೇಡಂ. ಏನೂ ಇಲ್ಲ ಇದ್ರಲ್ಲಿ, ಮನುಷ್ಯ ಒಪ್ಕೊಂಡಿದ್ದಾನೆ. ಸೊಕ್ಕು ಅಷ್ಟೇ. ಮೂರು ದಿನ ಮನೇಲಿ ಕೂರಿಸಿದ್ರೆ ಇಳಿಯುತ್ತೆ."

ಅಲ್ಲಿಯ ಪದ್ಧತಿಯಂತೆ ಡ್ರೈವರ್ ಹೆಸರು, ರೂಟಿನ ನಂಬರು ಎರಡರ ಮೇಲೂ ಬಿಳಿ ಕಾಗದದ ಪಟ್ಟಿ ಅಂಟಿಸಿತ್ತು. ನಮ್ಮವರು, ತಮ್ಮವರು ಎಂಬ ಪಕ್ಷಪಾತ ಬೇಡವೆಂದು. ಅದನ್ನು ಕೀಳುವಂತಿಲ್ಲ, ಅವಳು ಯಾವತ್ತೂ ಕಿತ್ತವಳೂ ಅಲ್ಲ. ದೂರು ಬರೆದವಳು ಒಬ್ಬ ನರ್ಸ್. ಬೆಲ್ ಒತ್ತಿದೆ, ಕೂಗಿದೆ, ಸೀಟಿನ ಕಂಬಿ ಬಡಿದೆ. ಹತ್ತುವವರಿಲ್ಲದ ಮೂರು ನಿಲ್ದಾಣ ಹಾಗೇ ದಾಟಿಸಿದ, ಹಿಂದೆ ಕೂಡ ತಿರುಗಲಿಲ್ಲ, ದುರಹಂಕಾರಿ, ಎಂದು ಬರೆದಿದ್ದಳು. ಡ್ರೈವರ್ ಹೇಳಿಕೆ ಒಂದೇ ಸಾಲು, ಟೈಪ್ ಮಾಡಿದ್ದು: "ಬೆಲ್ ಕೇಳಿಸಿತು. ಬೇಕೆಂದೇ ನಿಲ್ಲಿಸಲಿಲ್ಲ. ತಪ್ಪಾಯಿತು."

ಅವಳ ಹುಬ್ಬು ಗಂಟಿಕ್ಕಿತು. ಗೋಡೆಗೆ ಗುದ್ದಿದವನೂ ಗೋಡೆಯದೇ ತಪ್ಪು ಎಂದು ಬರೆದುಕೊಡುವ ಡಿಪೋ ಅದು. ಹದಿನಾಲ್ಕು ವರ್ಷದಲ್ಲಿ ಒಬ್ಬನೇ ಒಬ್ಬ ಡ್ರೈವರ್ "ತಪ್ಪಾಯಿತು" ಅಂದಿರಲಿಲ್ಲ. ಹೇಗೂ ಕೂರಲಾಗುತ್ತಿರಲಿಲ್ಲ, ಎದ್ದು ದಡದಡನೆ ಕೆಳಗಿಳಿದು ವರ್ಕ್‌ಶಾಪಿನ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ದೂರಿನಲ್ಲಿದ್ದ ಬಸ್ಸಿನ ನಂಬರು, ತಾರೀಖು ಹೇಳಿದಳು.

ಅವನು ರಿಪೇರಿ ಪುಸ್ತಕ ತಿರುವಿದ. "ಆ ಬಸ್ಸಾ? ಆ ದಿನ ಬೆಲ್ಲೇ ಸತ್ತೋಗಿತ್ತಲ್ಲ ಅಕ್ಕ. ಹಿಂದಿನ ದಿನ ಸೀಟು ಬದಲಾಯಿಸೋವಾಗ ನಮ್ಮವರೇ ವೈರ್ ಕಟ್ ಮಾಡಿಟ್ಟಿದ್ರು. ಎಷ್ಟು ಒತ್ತಿದ್ರೂ ಸದ್ದಿಲ್ಲ. ಸಂಜೆ ಪಾಳಿಯವನು ಬಂದು ಹೇಳಿದ. ಬೆಳಿಗ್ಗೆಯವನು ಹೇಳ್ಲೇ ಇಲ್ಲ, ಪುಣ್ಯಾತ್ಮ."

"ದೂರಿರೋದು ಬೆಳಿಗ್ಗೆಯವನ ಮೇಲೆ."

"ಹಾಗಾದ್ರೆ ಅವನ ತಪ್ಪೇನೂ ಇಲ್ಲ ಬಿಡಿ."

ಅವಳು ಅರ್ಧ ಮೆಟ್ಟಿಲು ಹತ್ತಿ ನಿಂತುಬಿಟ್ಟಳು. ಸದ್ದೇ ಮಾಡದ ಬೆಲ್ ಅವನಿಗೆ ಕೇಳಿಸಿದ್ದು ಹೇಗೆ? ಒತ್ತಿದ್ದೇನೆ, ಆದ್ದರಿಂದ ಸದ್ದಾಗಿದೆ ಎಂದುಕೊಂಡಳು ನರ್ಸ್. ಒಪ್ಪಿಕೊಂಡಿದ್ದಾನೆ, ಆದ್ದರಿಂದ ನಿಜ ಎಂದುಕೊಂಡ ಮೇಲಧಿಕಾರಿ. ಡ್ರೈವರ್ ಕೂಡ ಒಂದು ಅಂದುಕೊಂಡಿದ್ದಾನೆ: ಒತ್ತಿದ್ದಾಳೆ ಅಂದ ಮೇಲೆ ಸದ್ದಾಗಿಯೇ ಇರಬೇಕು. ಸದ್ದಾದರೂ ಒಂದೇ, ಆಗದಿದ್ದರೂ ಒಂದೇ ಆದವನು ಮಾತ್ರ ಹೀಗೆ ಸಿಕ್ಕಿಬೀಳಲು ಸಾಧ್ಯ. ಕೂಗಿದ್ದೂ ಕೇಳಿಲ್ಲ, ಕಂಬಿ ಬಡಿದದ್ದೂ ಕೇಳಿಲ್ಲ.

ಮೇಲೆ ಹೋಗಿ ಒಂದೇ ಉಸಿರಿನಲ್ಲಿ ಬರೆದಳು: "ಚಾಲಕನದು ಸೊಕ್ಕಲ್ಲ, ಕಿವುಡು. ಮರೆಮಾಚುತ್ತಿದ್ದಾನೆ. ಪರೀಕ್ಷೆಯಾಗುವವರೆಗೆ ಬಸ್ ಕೊಡಬಾರದು."

"ಭಲೇ ಮೇಡಂ!" ಎಂದ ಮೇಲಧಿಕಾರಿ, ಅಲ್ಲೇ ಸಹಿ ಹಾಕಿ ಮುಂದಿನ ಆಫೀಸಿಗೆ ಕಳಿಸಿಯೇಬಿಟ್ಟ. "ಪಾಪ, ಇನ್ನವನು ಸ್ಟಿಯರಿಂಗ್ ಹಿಡಿದ ಹಾಗೇ ಇದೆ."

ಆ ವಾರದಲ್ಲಿ ಅವಳಿಗೆ ಮೊದಲ ಬಾರಿ ಹಿತವೆನಿಸಿತು. ಐದಕ್ಕೆ ಹೊರಟಳು. ಬಸ್ಸಿನಲ್ಲಿ ನಿಂತೇ ಹೋಗುವಾಗ ಯಾರೋ ಬೆಲ್ ಒತ್ತಿದರು, ಡ್ರೈವರ್ ನಿಲ್ಲಿಸಿದ. ಇಷ್ಟು ಜೋರು ಸದ್ದು ಕೇಳದೆ ಒಬ್ಬ ಮನುಷ್ಯ ಹೇಗಪ್ಪಾ ದಿನ ದೂಡುತ್ತಾನೆ? ಇಳಿದು ನಡೆಯುವಾಗಲೂ ಅದೇ ಯೋಚನೆ. ಮನೆಯಲ್ಲಿ ಯಾರೂ ಇಲ್ಲವೇ ಅವನಿಗೆ? ಹೆಂಡತಿ ಅನ್ನುವವಳು ಇದ್ದರೆ, ಅವಳೇನು ನಿದ್ದೆ ಮಾಡುತ್ತಿದ್ದಾಳಾ?

ಔಷಧಿ ಅಂಗಡಿಯ ಮುಂದೆ ಅವಳ ಕಾಲು ನಿಂತಿತು. ಆಮೇಲೆ ಓಡಿದಳು. ವಯಸ್ಸು ನಲವತ್ತೇಳು, ಹೆಗಲಲ್ಲಿ ಚೀಲ, ಬೀದಿಯವರು ನೋಡುತ್ತಿದ್ದಾರೆ ಎಂಬ ಪರಿವೆಯೂ ಇಲ್ಲದೆ ಓಡಿದಳು.

ಗಂಡ ಕಿಟಕಿಗೆ ಮುಖ ಮಾಡಿ ಕೂತು ಶರ್ಟಿಗೆ ಗುಂಡಿ ಹೊಲಿಯುತ್ತಿದ್ದ.

"ರೀ," ಎಂದಳು. ಅವನು ಸೂಜಿ ಎಳೆದ. "ರೀ!" ಎಂದಳು ಇನ್ನೂ ಜೋರಾಗಿ. "ಅಡುಗೆಮನೆಗೆ ಬೆಂಕಿ ಬಿದ್ದಿದೆ ರೀ!"

ಅವನು ದಾರವನ್ನು ಹಲ್ಲಿನಿಂದ ಕಡಿದ.

ಅವಳು ಸುತ್ತಿ ಬಂದು ಎದುರಿನ ಸ್ಟೂಲಿನಲ್ಲಿ ಕುಸಿದಳು. ಅವನು ತಲೆಯೆತ್ತಿ ನಕ್ಕ. ನೋಟ ನೇರ ಅವಳ ತುಟಿಯ ಮೇಲೆ ನಿಂತಿತು. ಕಣ್ಣಲ್ಲಿ ಕಣ್ಣಿಟ್ಟು ನೋಡಲು ಮುಖವಿಲ್ಲ ಇವನಿಗೆ ಎಂದು ವರ್ಷವಿಡೀ ಶಪಿಸಿದ್ದು ಇದೇ ನೋಟವನ್ನು.

"ಭಾನುವಾರ ನಾನು ಎಲ್ಲಿಗೆ ಹೋಗ್ತೀನಿ, ಗೊತ್ತಾ ನಿಮಗೆ?"

"ಎಲ್ಲಿಗೆ? ನೀನು ಹೇಳ್ಲೇ ಇಲ್ಲ."

ಅವಳಿಗೆ ಅಳು ಉಕ್ಕಿ ಬಂತು. ಅವನ ಎರಡೂ ಕಿವಿಯ ಮೇಲೆ ಕೈಯಿಟ್ಟಳು. ಅವನ ಮುಖ ಬಿಳಿಚಿಕೊಂಡಿತು. ಇನ್ನು ಬಚ್ಚಿಡಲು ಏನೂ ಉಳಿದಿಲ್ಲವೆಂದು ಅವನಿಗೂ ತಿಳಿಯಿತು.

"ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ಬಸ್ ಹೋಗುತ್ತಲ್ಲ. ಬಸ್ ಬಿಟ್ರೆ ನಂಗೆ ಬೇರೆ ಏನು ಬರುತ್ತೆ? ಮತ್ತೆ ನೀನಿರೋದು ಅದೇ ಆಫೀಸು. ಗೊತ್ತಿದ್ದೂ ಸುಮ್ನಿರು ಅಂದ್ರೆ ನಿನ್ ಕೈಲಾಗುತ್ತಾ? ಆಗಲ್ಲ ಕಣೇ." ಅವನು ಸೂಜಿಯನ್ನು ಜೋಪಾನವಾಗಿ ದಾರದುಂಡೆಗೆ ಚುಚ್ಚಿಟ್ಟ. "ಮೊನ್ನೆ ಒಂದು ದೂರು ಬಂತು. ಸೊಕ್ಕಿಂದ ಮಾಡಿದೆ ಅಂತ ಬರೆಸಿಬಿಟ್ಟೆ. ಅಬ್ಬಬ್ಬಾ ಅಂದ್ರೆ ಮೂರು ದಿನ ಮನೇಲಿ ಕೂರಿಸ್ತಾರೆ. ನೀನೂ ರಜೆ ಹಾಕು, ಇಬ್ಬರೂ ಎಲ್ಲಾದ್ರೂ ಹೋಗಿ ಬರೋಣ. ಆಮೇಲೆ ಹುಷಾರಾಗಿ ಓಡಿಸ್ತೀನಿ. ಕನ್ನಡಿ ನೋಡ್ಕೋತೀನಿ."

ಅವಳ ತಲೆ ತಗ್ಗಿತು. ತನ್ನ ಮಡಿಲಿಗೇ ಹೇಳಿಕೊಂಡಂತೆ ಒಂದು ಮಾತು ಹೇಳಿದಳು.

"ಏನಂದೆ?" ಎಂದ ಅವನು. ವರ್ಷದಲ್ಲಿ ಮೊದಲ ಸಲ ಅವನ ಬಾಯಿಂದ ಆ ಮಾತು ಬಂದಿತ್ತು. ಇಷ್ಟು ದಿನ ಕೇಳಲು ಹೆದರಿದ್ದವನು, ಈಗ ನಿರಾಳವಾಗಿ, ಕಿವಿಯ ಹಿಂದೆ ಕೈ ಹಿಡಿದು ಮುಂದೆ ಬಾಗಿದ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ತುಟಿ ಅವನಿಗೆ ಸರಿಯಾಗಿ ಕಾಣುವಂತೆ ಗದ್ದ ಎತ್ತಿ, ಒಂದೊಂದೇ ಪದ ಬಿಡಿಸಿ, ಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದಳು:

"ಆ ಫೈಲು ನೋಡಿದವಳು ನಾನೇ ರೀ. ನಾಳೆಯಿಂದ ನಿಮಗೆ ಬಸ್ ಇಲ್ಲ."